ಸೆರೆ ಅಂಗಡಿಯ ಕಿಂಡಿ

ಖಾನಾಪುರದಲ್ಲಿ ನಾವು ಮನೆ ಮಾಡಿದ್ದು ಮುಚ್ಚಿಹೋದ ಸೆರೆ ಅಂಗಡಿಯಲ್ಲಿ. ಸಾವಿರದ ಒಂಬೈನೂರ ಇಪ್ಪತ್ತರ ಈಚೆಯ ಮಾತು; ಊರೂರಲ್ಲಿ ಸೆರೆ ಕುಡಿಯುವುದನ್ನು ಬಿಡಿಸುವ ಚಳವಳಿ ನಡೆದಿತ್ತು. ಅಂಗಡಿಯವನು ಬೀಗ ಹಾಕಿ ಹೋದ ಮೇಲೆ ಅತ್ತ ಯಾರೂ ಸುಳಿದಿರಲಿಲ್ಲ. ಕಟ್ಟಿಗೆ ಅಡ್ಡೆಯಲ್ಲಿ ಕಾರಕೂನನಾಗಿ ಬೆಳಗಾವಿಯಿಂದ ಬಂದ ಅಪ್ಪನಿಗೆ ಗೋಡೆ ಗಟ್ಟಿ ಇದ್ದರೆ ಸಾಕಾಗಿತ್ತು. ನಾವು ಜೈನರು, ಜೇನುತುಪ್ಪವನ್ನೂ ಮುಟ್ಟದವರು. ಹೋಗಿ ಹೋಗಿ ಸೆರೆ ಅಂಗಡಿ ಸೇರಿದೆವು.

ಗೋಡೆ ಎರಡು ಮೊಳ ದಪ್ಪ. ಮುಂದೆ ಉದ್ದನೆಯ ಪಡಸಾಲೆ, ಗೋಡೆಗುಂಟ ಕಲ್ಲಿನ ಕಟ್ಟೆ. ಪೀಪಾಯಿ ಇಡುತ್ತಿದ್ದ ಹಿಂದಿನ ಕತ್ತಲೆ ಕೋಣೆಯನ್ನು ಅವ್ವ ಅಡುಗೆಮನೆ ಮಾಡಿಕೊಂಡಳು. ರಸ್ತೆಯ ಕಡೆಗೊಂದು ಕಿಂಡಿ, ಅದಕ್ಕೊಂದು ಪುಟ್ಟ ಕದ. ಒಳಗೆ ಬಿಟ್ಟುಕೊಳ್ಳದ ಜನರಿಗೆ ಸೆರೆ ಅಲ್ಲಿಂದಲೇ ಕೊಡುತ್ತಿದ್ದರಂತೆ. ಮೊಳಕೈ ಊರಿ ಊರಿ ಅದರ ಕಲ್ಲು ಸವೆದಿತ್ತು. ಬಾಗಿಲಿಗೆ ಹೊಸ್ತಿಲೇ ಇರಲಿಲ್ಲ, ಕುಡಿದವರು ಎಡವಬಾರದೆಂದೇನೋ. ಅವ್ವ ಹಟ ಹಿಡಿದು ಸಾಗವಾನಿಯ ಹೊಸ್ತಿಲು ಹಾಕಿಸಿದಳು. ಅದನ್ನು ದಾಟಿ ಬರುವವರು ಮಾತ್ರ ಯಾರೂ ಇರಲಿಲ್ಲ.

ಬೆಳಗಾವಿಯ ನಮ್ಮ ಓಣಿಯಲ್ಲಿ ಅವ್ವ ಒಬ್ಬಳೇ ಕೂತದ್ದನ್ನು ನಾನು ಕಂಡಿರಲಿಲ್ಲ. ಇಲ್ಲಿ ಅಪ್ಪ ಕೆಲಸಕ್ಕೆ ಹೋದರೆ ಅವಳು, ಅವಳ ಒಬ್ಬಳೇ ಮಗಳು ನಾನು. ಶ್ರಾವಣದ ಒಂದು ಶುಕ್ರವಾರ ಓಣಿಯ ಮನೆಮನೆಗೆ ಹೋಗಿ ಅರಿಷಿಣ ಕುಂಕುಮಕ್ಕೆ ಕರೆದು ಬಂದಳು. ಬುಟ್ಟಿ ತುಂಬುವಷ್ಟು ಕಡಲೆ ನೆನೆಹಾಕಿದಳು. ಬಂದವರು ಇಬ್ಬರು, ಅವರೂ ಹೊಸ್ತಿಲ ಆಚೆಗೇ ನಿಂತರು.

"ಒಳಗ ಬರ್ರಿ, ಕುಂದರ್ರಿ" ಎಂದಳು ಅವ್ವ.

"ಇಲ್ಲೇ ಹಚ್ರಿ, ಹೊತ್ತಾಗೇತಿ."

ಅವ್ವ ಹೊಸ್ತಿಲ ಮೇಲಿಂದಲೇ ಬಾಗಿ ಕುಂಕುಮ ಹಚ್ಚಿದಳು. ಆ ಹೆಂಗಸರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮಧ್ಯಾಹ್ನ ಯಾರೋ ಕಿಂಡಿ ಬಡಿದರು. ಅವರೇ ತಿರುಗಿ ಬಂದರೆಂದು ಅವ್ವ ಓಡಿದಳು. ನೋಡಿದರೆ ಯಾವುದೋ ಊರಿನ ಮುದುಕ ಗಾಡಿಯವ, ಕಲ್ಲಿನ ಮೇಲೆ ಮೊಳಕೈ ಊರಿ ನಿಂತಿದ್ದ.

"ಪಾವಶೇರ್ ಕೊಡ್ರಿ, ಕಡಕ್ ಇರ್ಲಿ."

"ಈಗ ಇದು ಮನಿ ಐತ್ರೀ. ಮಜ್ಜಿಗಿ ಕೊಡ್ತೀನಿ, ತಡೀರಿ."

ಅವನು ನಾಚಿ ನೀರಾದ. ಆದರೂ ಮಜ್ಜಿಗೆ ಕುಡಿದ, ಕಡಲೆ ತಿಂದ, ಅವ್ವನ ತವರೂರು ಕೇಳಿದ, ತನ್ನ ಎತ್ತುಗಳ ಸೋಮಾರಿತನ ಹೇಳಿದ. ಆ ಊರಿಗೆ ಬಂದ ಮೇಲೆ ಅವ್ವ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತ ಅಪ್ಪನ ಮುಂದೆ ನಾನೇ ಗಾಡಿಯವನ ಸಂಗತಿ ಬಾಯಿ ಬಿಟ್ಟೆ. ಅಪ್ಪ ಸಿಡಿಮಿಡಿಗೊಂಡ. "ನಾಳೆ ಗೌಂಡಿನ್ನ ಕರಸ್ತೀನಿ. ಆ ಕಿಂಡಿ ಮುಚ್ಚಿಸಿಬಿಡೂಣು."

ಅವ್ವ ರೊಟ್ಟಿ ಬಡಿಸುತ್ತ, ತಲೆ ಎತ್ತದೆ ಹೇಳಿದಳು: "ಬ್ಯಾಡ್ರಿ. ತಪ್ಪಿ ಬಂದಾದ್ರೂ ಯಾರರೆ ಬಡೀತಾರ."

ಅಪ್ಪ ಉಣ್ಣುವುದನ್ನು ನಿಲ್ಲಿಸಿದ. ಗೌಂಡಿಯ ಮಾತು ಮತ್ತೆ ಎತ್ತಲಿಲ್ಲ.