ಎರಡಂಕಣದ ಮನೆಗೆ ಅಮ್ಮ ತೋರಿದ ದಾರಿ

ಮಾರಮ್ಮ ತಾಯಿಯನ್ನು ನಂಬಿದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಮಧುಗಿರಿಯ ಸಾಕಮ್ಮ ಕೈಮುಗಿದು ಬರೆಯುವುದು. ನಾನು ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ, ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು. ಅಂಥವಳಿಗೇ ಒಂದು ಸಣ್ಣ ಮನೆಯ ಅಂದಾಜು ಹಿಡಿಯಲಾಗದೆ ತಲೆ ಕೆಟ್ಟು, ಆಡಬಾರದ ಮಾತೊಂದು ಬಾಯಿಂದ ಬಂದು, ಮನೆಗಿಂತ ದೊಡ್ಡದನ್ನು ಕಳೆದುಕೊಳ್ಳುವ ಹಾಗಾಗಿತ್ತು. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿಲ್ಲ. ಮನೆಯಲ್ಲಿ ನಾನು, ನನ್ನ ಅತ್ತೆ, ಇಬ್ಬರೇ. ಅತ್ತೆಯೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಆರು ವರ್ಷದಲ್ಲಿ ಐದು ಬಾಡಿಗೆ ಮನೆ ನೋಡಿದೆವು. ಐದನೆಯ ಮನೆಯಾಕೆ ಒಂದು ದಿನ ಹೊಸಿಲ ಆಚೆಯೇ ನಿಂತು ಹೇಳಿದಳು: "ಬೇಜಾರು ಮಾಡ್ಕಬ್ಯಾಡಿ ಮೇಷ್ಟ್ರಮ್ಮ. ಮಗಳ ಮದ್ವೆ ಮಾತು ನಡೀತಾ ಐತೆ. ಗಂಡಿನ ಕಡೆಯೋರು ಬಂದಾಗ ಬಾಗ್ಲಲ್ಲೇ ಇಬ್ರು ಮುಂಡೇರು ಕಂಡ್ರೆ ಹೆಂಗೆ?"

ಅತ್ತೆ ಅಂದು ಊಟ ಮಾಡಲಿಲ್ಲ. "ಸಾಯೋದಾದ್ರೂ ನಮ್ದು ಅನ್ನೋ ಮನೇಲಿ ಸಾಯ್ತೀನಿ ಕಣಮ್ಮ," ಎಂದರು.

ಆ ವರ್ಷವೇ ಊರ ಹೊರಗೆ ಕೊರಟಗೆರೆ ದಾರಿಯ ಬಂಡೆಗಳ ಬಳಿ ಹೊಸದಾಗಿ ನಿವೇಶನ ಹಂಚುತ್ತಿದ್ದರು. ಅರ್ಜಿ ಹಾಕಿದೆ, ಒಂದು ಸಿಕ್ಕಿತು. ಅಲ್ಲಿ ಮನೆ ಏಳುವವರೆಗೆ ಇರಲು ಆ ಐದನೆಯ ಮನೆಯಾಕೆ ಹೇಗೋ ಒಪ್ಪಿದಳು. ವರ್ಷದೊಳಗೆ ಪಾಯ ಹಾಕದಿದ್ದರೆ ಜಾಗ ವಾಪಸ್ಸು ಎಂಬ ಷರತ್ತು ಇತ್ತು. ಅಂಚೆ ಕಚೇರಿಯ ಪಾಸ್‌ಬುಕ್ಕಿನಲ್ಲಿ ನಾನು ಕೂಡಿಟ್ಟದ್ದು ಸ್ವಲ್ಪ ಇತ್ತು. ಇನ್ನೇನು, ಕಟ್ಟುವುದೇ ಎಂದುಕೊಂಡೆ. ನನ್ನ ಗೊಂದಲ ಶುರುವಾದದ್ದೇ ಅಲ್ಲಿಂದ.

ಸಿರಾದಿಂದ ಇಮಾಮ್ ಸಾಬರೆಂಬ ಮೇಸ್ತ್ರಿ ಬಂದರು. ಒಳ್ಳೆಯ ಮನುಷ್ಯ. ಎಷ್ಟಾಗಬಹುದು ಎಂದು ಕೇಳಿದರೆ, "ಪಕ್ಕಾ ಅಂದಾಜು ಹೇಳಾಕಾಗಲ್ಲ ಅಮ್ಮ. ಸಿಮೆಂಟಿಗೆ ಪರ್ಮಿಟ್ಟು ಸಿಕ್ರೆ ಒಂದು ಖರ್ಚು, ಗಾರೆ ಆದ್ರೆ ಇನ್ನೊಂದು, ಮಣ್ಣಾದ್ರೆ ಮತ್ತೊಂದು. ಕಬ್ಬಿಣದ ಮಾತಂತೂ ಎತ್ತಬ್ಯಾಡಿ. ಪಾಯ ತೆಗೆದ ಮ್ಯಾಕೆ ಹೇಳ್ತೀನಿ," ಎಂದರು. ಎಷ್ಟಾಗುತ್ತದೆಂದು ತಿಳಿಯದೆ ಪಾಯ ತೆಗೆಯುವುದು ಹೇಗೆ? ಪಾಯ ತೆಗೆಯದೆ ಅವರು ಹೇಳುವುದಿಲ್ಲ.

ಮನೆಯ ಉದ್ದಗಲ ಯಜಮಾನನಿಗೆ ಕೂಡಿಬರುತ್ತದೆಯೇ ಎಂಬ ಆಯ ಕೇಳಲು ಜೋಯಿಸರ ಬಳಿ ಹೋದೆ. "ಯಜಮಾನರ ನಕ್ಷತ್ರ?" ಎಂದರು. ಯಜಮಾನರು ಇಲ್ಲ ಎಂದೆ. "ಹಾಗಾದರೆ ಆಯ ಯಾರ ಹೆಸರಿಗೆ ನೋಡಲಮ್ಮ?" ಎಂದು ಅವರೇ ನನ್ನನ್ನು ಕೇಳಿದರು. ನನಗೇನು ಗೊತ್ತು?

ಪುರವರದಿಂದ ನಮ್ಮಣ್ಣ ಬಂದು, "ಕಟ್ಟೋ ಉಸಾಬರಿ ಯಾಕೆ ಸಾಕಿ? ನಮ್ಮೂರಲ್ಲಿ ಒಂದು ಹಳೇ ಮನೆ ಐತೆ, ತಗಂಡ್ಬುಡು," ಎಂದ. ಪುರವರದಲ್ಲಿ ಇದ್ದುಕೊಂಡು ಮಧುಗಿರಿಯ ಶಾಲೆಗೆ ನಾನು ದಿನಾ ಹೇಗೆ ಬರಲಿ?

ಇನ್ನು ಅತ್ತೆ. ಸ್ಲೇಟಿನ ಮೇಲೆ ನಾನು ಮನೆಯ ಚಿತ್ರ ಬರೆದು ತೋರಿಸುವೆ. ಅಡಿಗೆಮನೆ ಇಲ್ಲಿ ಎಂದರೆ "ಹೊಗೆ ನಡುಮನೆಗೆ ಬತ್ತೈತೆ" ಎನ್ನುವರು. ಅಲ್ಲಿ ಎಂದರೆ "ನೀರು ಹೊತ್ಕಂಡು ಅಷ್ಟು ದೂರ ಬರಾಕಾಗಲ್ಲ" ಎನ್ನುವರು. ಜಾಗ ನೋಡಿಕೊಂಡು ಬನ್ನಿ ಎಂದರೆ, "ಊರು ಬುಟ್ಟು ಆ ಬಂಡೆ ಮ್ಯಾಲೆ ಬದುಕಾಕೆ ನಾವೇನು ಹಲ್ಲಿಗಳಾ? ನಾನಂತೂ ಕಾಲಿಡಲ್ಲ" ಎಂದು ಮುಖ ತಿರುಗಿಸುವರು. ಮೂರಂಕಣದಿಂದ ನಾಲ್ಕಂಕಣ, ನಾಲ್ಕರಿಂದ ಐದು. ಅಂಕಣವೆಂದರೆ ಎರಡು ತೊಲೆಗಳ ನಡುವಿನ ಜಾಗ. ಒಂದು ಅಂಕಣ ಹೆಚ್ಚಿದರೆ ಕಲ್ಲು, ಮರ, ಕೂಲಿ ಎಲ್ಲವೂ ಹೆಚ್ಚಿದಂತೆ. ಬರೆದು, ಒರೆಸಿ, ಮತ್ತೆ ಬರೆದು ಎಂಟು ತಿಂಗಳು ಕಳೆದವು. ಒಂದು ಕಲ್ಲೂ ಬಿದ್ದಿರಲಿಲ್ಲ.

ಒಂದು ಮಂಗಳವಾರ ಅಮ್ಮನ ಗುಡಿಗೆ ಹೋಗಿ ಹೂವಿನ ಪ್ರಸಾದ ಕೇಳಿದೆ. ಬಲಕ್ಕೆ ಹೂ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಮಣ್ಣಿನದೋ ಗಾರೆಯದೋ, ಈಗಲೋ ಯುದ್ಧ ಮುಗಿದ ಮೇಲೋ, ಮೂರಂಕಣವೋ ಐದೋ, ಎಲ್ಲವನ್ನೂ ಒಟ್ಟಿಗೆ ಕೇಳಿದೆ. ಬಹಳ ಹೊತ್ತು ಕಾದರೂ ಒಂದು ಎಸಳೂ ಬೀಳಲಿಲ್ಲ. ಪೂಜಾರಿ, "ಅಮ್ಮ ಏನೂ ಹೇಳ್ತಾ ಇಲ್ಲ ಕಣವ್ವ," ಎಂದ. ದೇವರಿಗೂ ನಾನು ಬೇಡವಾದೆನೇ ಎಂದು ಅಳುತ್ತಲೇ ಮನೆಗೆ ಬಂದೆ.

ಮನೆಯಲ್ಲಿ ಅತ್ತೆ, "ಅಡಿಗೆಮನೇನ ಮೂಡ್ಲಿಗೆ ಹಾಕ್ಸಿದ್ರೆ ಹೆಂಗೆ?" ಎಂದರು.

ನನಗೆ ಏನಾಯಿತೋ, ಸ್ಲೇಟನ್ನು ನೆಲಕ್ಕೆ ಕುಕ್ಕಿದೆ. "ನೀವಿಲ್ಲದಿದ್ದರೆ ನನಗೆ ಒಂದೇ ಅಂಕಣ ಸಾಕಾಗಿತ್ತು," ಎಂದೆ.

ಮರುದಿನ ನಾನು ಶಾಲೆಯಿಂದ ಬಂದಾಗ ಬಾಗಿಲಿಗೆ ಚಿಲಕ ಹಾಕಿತ್ತು. ಒಲೆಯ ಪಕ್ಕದಲ್ಲಿ ನನಗೆ ಮುದ್ದೆ, ಸಾರು ಮುಚ್ಚಿಟ್ಟಿತ್ತು. ಅವರ ಎರಡು ಸೀರೆ ಇರಲಿಲ್ಲ. "ಗಂಟು ಹಿಡ್ಕಂಡು ಕೊರಟಗೆರೆ ದಾರಿ ಹಿಡಿದ್ರು. ತವರಿಗೆ ಅಂದ್ರು," ಎಂದಳು ಪಕ್ಕದ ಮನೆಯವಳು.

ಅತ್ತೆಯ ತವರು ತೋವಿನಕೆರೆ. ಗುರುವಾರ ರಜೆ ಹಾಕಿ ಹೊರಟೆ. ಆಗ ಪೆಟ್ರೋಲು ಸಿಗುತ್ತಿರಲಿಲ್ಲ, ಬಸ್ಸುಗಳೆಲ್ಲ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಹಿಂದುಗಡೆ ದೊಡ್ಡ ಒಲೆಯಂಥದ್ದು ಕಟ್ಟಿರುತ್ತಿದ್ದರು. ಕೊರಟಗೆರೆಯಲ್ಲಿ ಇಳಿದು, ಎತ್ತಿನ ಗಾಡಿ ಹಿಡಿದು ತೋವಿನಕೆರೆ ಸೇರುವಷ್ಟರಲ್ಲಿ ಸಂಜೆ. ಅತ್ತೆಯ ತಮ್ಮ ಹೊಲದಿಂದ ಬಂದವರು ನನ್ನನ್ನು ಕಂಡು ಗಾಬರಿಯಾದರು. "ಅಕ್ಕ ಇಲ್ಲಿಗೆ ಬಂದಿಲ್ವಲ್ಲಮ್ಮ," ಎಂದರು. ಅವರ ಮನೆಯ ಜಗುಲಿಯ ಮೇಲೆ ಕುಳಿತೆ. ಎಪ್ಪತ್ತು ದಾಟಿದ ಜೀವ. ಎಲ್ಲಿ ಬಿದ್ದಿದ್ದಾರೋ, ಯಾವ ಕೆರೆಯ ಪಾಲಾದರೋ. ಅಲ್ಲೇ ಕುಳಿತು ಬೇಡಿದೆ. ಈ ಸಲ ಒಂದೇ ಮಾತು ಕೇಳಿದೆ. "ತಾಯಿ, ನನಗೆ ಮನೆ ಬೇಡ. ಅತ್ತೆಯನ್ನು ಕೊಡು."

ಶುಕ್ರವಾರ ಅವರ ತಮ್ಮ ಕೆರೆ ಬಾವಿಗಳ ಕಡೆ ಹುಡುಕಲು ಹೋದರು. ನಾನು ಮಧುಗಿರಿಯ ಪೊಲೀಸ್ ಠಾಣೆಗೆ ಹೇಳೋಣವೆಂದು ಬಸ್ಸು ಹತ್ತಿದೆ. ಊರು ಇನ್ನೂ ಒಂದೂವರೆ ಮೈಲಿ ಇರುವಾಗ, ಏರಿನಲ್ಲಿ ಬಸ್ಸು ಕೆಮ್ಮಿ ನಿಂತಿತು. ಇದ್ದಿಲು ನೆನೆದಿದೆಯಂತೆ. ಎಲ್ಲರೂ ಇಳಿದು ತಳ್ಳಿದರೂ ಅದು ಅಲುಗಲಿಲ್ಲ. ನಡೆದೇ ಹೋಗೋಣವೆಂದು ಹೊರಟು ನೂರು ಹೆಜ್ಜೆ ಹಾಕಿದಾಗ ಗುರುತು ಸಿಕ್ಕಿತು, ಅದು ನಮ್ಮ ನಿವೇಶನದ ಬಳಿಯ ಏರು. ಅತ್ತೆ ಕಾಲಿಡುವುದಿಲ್ಲ ಎಂದ ಜಾಗವಾದ್ದರಿಂದ ಅಲ್ಲಿ ಹುಡುಕುವುದು ನನಗೆ ಹೊಳೆದೇ ಇರಲಿಲ್ಲ. ಬಸ್ಸಿನಲ್ಲೇ ಇದ್ದಿದ್ದರೆ ದಾಟಿ ಹೋಗಿಬಿಡುತ್ತಿದ್ದೆ.

ಬಂಡೆಯ ಪಕ್ಕ ಕಲ್ಲು ಒಡೆಯುವವರ ಒಂದು ಜೋಪಡಿ. ಅದರ ಮುಂದೆ ಒಣಗಲು ಹಾಕಿದ್ದ ಬಿಳಿ ಸೀರೆ ನಮ್ಮ ಅತ್ತೆಯದು.

ಒಳಗೆ ಅತ್ತೆ ಜ್ವರದಲ್ಲಿ ಮಲಗಿದ್ದರು. ಪಾವಗಡದ ಕಡೆಯ ಓಬಕ್ಕ ಎಂಬಾಕೆ ಅವರ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ನಾನು ಅತ್ತೆಯ ಕಾಲು ಹಿಡಿದು ಅತ್ತುಬಿಟ್ಟೆ. "ಏಡವೊದ್ದಮ್ಮಾ, ಅಳ್ಬ್ಯಾಡಿ. ಜ್ವರ ರಾತ್ರಿಗಿಂತ ಇಳಿದೈತೆ," ಎಂದಳು ಓಬಕ್ಕ. ತವರಿಗೆಂದು ಹೊರಟ ಅತ್ತೆ ಕಾಲು ನೋವೆಂದು ಅಲ್ಲಿ ಕುಳಿತರಂತೆ. ನಮ್ಮ ಜಾಗ ಯಾವುದೆಂದು ಕೇಳಿ ತಿಳಿದು, ಅಲ್ಲೇ ಎರಡು ದಿನ ಉಳಿದುಬಿಟ್ಟರಂತೆ. "ನಮ್ಮ ಗಂಡನ ಕೈಲಿ ಹಗ್ಗ ಹಿಡಿಸಿ ಅಳತೆ ಹಾಕ್ಸಿದಾರೆ. ಹೋಗಿ ನೋಡಿ," ಎಂದಳು.

ಹೊರಗೆ ಹೋಗಿ ನೋಡಿದೆ. ನಮ್ಮ ಜಾಗದಲ್ಲಿ ಜಲ್ಲಿಕಲ್ಲುಗಳನ್ನು ಸಾಲಾಗಿ ಜೋಡಿಸಿ ಒಂದು ಮನೆಯ ಗುರುತು ಹಾಕಿತ್ತು. ಎರಡೇ ಅಂಕಣ. ಹಿಂದೆ ಬಚ್ಚಲು, ಇಳಿಜಾರಿನ ಕಡೆಗೆ ನೀರು ಹೋಗುವ ದಾರಿ. ಒಲೆಯ ಜಾಗದಲ್ಲಿ ಮೂರು ಕಲ್ಲು.

ಒಳಗೆ ಬಂದಾಗ ಅತ್ತೆ ಕಣ್ಣು ಬಿಟ್ಟು ಮೆಲ್ಲಗೆ ಹೇಳಿದರು: "ನೀನು ಅಂದಿದ್ದು ಸರೀನೇ ಅನ್ಕಂಡೆ ಸಾಕಿ. ನಾನಿಲ್ದಿದ್ರೆ ನಿಂಗೆ ಎಷ್ಟು ಬೇಕು ಅಂತ ನೋಡಾಕೆ ಒಂದಂಕಣ ಹಾಕ್ದೆ. ಆಮ್ಯಾಕೆ ಸ್ಕೂಲಿಂದ ಸುಸ್ತಾಗಿ ಬಂದು ನೀನೊಬ್ಳೇ ಒಲೆ ಹಚ್ಚೋದು ಕಣ್ಣಿಗೆ ಬಂತು. ಅಂಗೇ ಇನ್ನೊಂದಂಕಣ ಹಾಕ್ಬುಟ್ಟೆ."

ಓಬಕ್ಕನ ಗಂಡ ಒಂದು ಗಾಡಿ ತಂದ. ಸರ್ಕಾರಿ ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡು, ಕಹಿ ಔಷಧಿ ಕುಡಿಸಿ ಕಳಿಸಿದರು. ಆಸ್ಪತ್ರೆಯ ಜಗುಲಿಯಲ್ಲಿ ಕುಳಿತೇ ನಾನು ಆ ಕಲ್ಲು ಒಡೆಯುವವನಿಂದ ಮನೆಯ ಲೆಕ್ಕ ಕಲಿತೆ. "ಗೋಡೆಗೆ ಕೈ ಹಾಕಾಕೆ ಮುಂಚೆ ಮಾಳಿಗೆ ದುಡ್ಡು ಎತ್ತಿಟ್ಬುಡಿ ಅಮ್ಮಾ," ಎಂದ. "ಪಾಯ ಕಾಯ್ತೈತೆ. ಮಾಳಿಗೆ ಇಲ್ದ ಮಣ್ಣಿನ ಗೋಡೆ ಮಳೆಗೆ ಕಾಯಲ್ಲ. ಕಲ್ಲು ಅಲ್ಲೇ ಐತೆ, ಮಣ್ಣಲ್ಲಿ ಕಟ್ಟಾನ, ಸಿಮೆಂಟ್ಯಾಕೆ? ಮುಂದೆ ದುಡ್ಡು ಬಂದ್ರೆ ಮೂರ್ನೇ ಅಂಕಣ ಸೇರ್ಸಾಕೆ ಗೋಡೆ ತುದೀಲಿ ಕಲ್ಲನ್ನ ಹಲ್ಲು ಬುಟ್ಟಂಗೆ ಬುಡಾನ." ಎಂಟು ತಿಂಗಳಲ್ಲಿ ಯಾರೂ ಹೇಳದ ಮಾತು. ಅಂದೇ ಪಾಸ್‌ಬುಕ್ಕಿನ ಹಣದಲ್ಲಿ ಮಾಳಿಗೆಯ, ಎಂದರೆ ಮೇಲಿನ ಚಾವಣಿಯ, ಪಾಲನ್ನು ಬೇರೆ ಮಾಡಿದೆ. ಉಳಿದದ್ದು ಎರಡಂಕಣಕ್ಕೆ ಸಾಕಾಯಿತು. ಐದಂಕಣಕ್ಕೆ ಎಂದೂ ಸಾಕಾಗುತ್ತಿರಲಿಲ್ಲ.

ಇಮಾಮ್ ಸಾಬರು ಅತ್ತೆಯ ಗುರುತಿನ ಮೇಲೆಯೇ ದಾರ ಹಿಡಿದರು. ವರ್ಷದ ಗಡುವಿಗೆ ಇಪ್ಪತ್ತು ದಿನ ಇರುವಾಗ ಪಾಯ ಬಿತ್ತು. ಚಪ್ಪಡಿ ಹಾಸಿ, ಮೇಲೆ ನೀರು ಇಳಿಯದ ಚೌಳು ಮಣ್ಣು ಮೆತ್ತಿ, ಮುಂಗಾರಿಗೆ ಮುಂಚೆ ಮಾಳಿಗೆ ಮುಗಿಯಿತು.

ಗೃಹಪ್ರವೇಶದ ದಿನ ಇನ್ನೊಂದು ಗೊಂದಲ. ಮೊದಲು ಒಳಗೆ ಕಾಲಿಡುವುದು ಮುತ್ತೈದೆಯೇ ಆಗಬೇಕೆಂದು ನೆಂಟರು ಪಟ್ಟು ಹಿಡಿದರು. ಯಾರು, ಯಾರ ಸೊಸೆ ಎಂದು ಬಾಗಿಲಲ್ಲೇ ಚರ್ಚೆ. ನಾನು ಎಂದಿನಂತೆ ಯಾರ ಮಾತು ಕೇಳಲಿ ಎಂದು ತಿಳಿಯದೆ ನಿಂತಿದ್ದೆ. ಅತ್ತೆ ನನ್ನ ಕೈ ಹಿಡಿದು, "ನಮ್ಮನೆಗೆ ನಾವು ಹೋಗಾಕೆ ಯಾರ್ನ ಕೇಳ್ಬೇಕಮ್ಮ, ಬಾ," ಎಂದು ಒಳಗೆ ನಡೆದುಬಿಟ್ಟರು. ಹಿಂದಿನಿಂದ ಓಬಕ್ಕ ನೀರಿನ ಬಿಂದಿಗೆ ಹೊತ್ತು ಬಂದಳು. ಕೆಲವರು ಉಣ್ಣದೆ ಹೋದರು. ಉಳಿದವರು ಹೊಟ್ಟೆ ತುಂಬ ಉಂಡರು.

ಅತ್ತೆ ಆ ಮನೆಯಲ್ಲಿ ಮೂರು ವರ್ಷ ಬದುಕಿ, ತಾವು ಬಯಸಿದಂತೆಯೇ ನಡುಮನೆಯಲ್ಲಿ ಕಣ್ಣು ಮುಚ್ಚಿದರು.

ಬಸ್ಸು ನಿಂತದ್ದು ನೆನೆದ ಇದ್ದಿಲಿನಿಂದ ಎಂದು ನಮ್ಮಣ್ಣ ಇವತ್ತಿಗೂ ವಾದಿಸುತ್ತಾನೆ. ಇರಬಹುದು. ಇದ್ದಿಲನ್ನು ಆ ಏರಿನಲ್ಲೇ ಕೈಕೊಡುವಂತೆ ನೆನೆಸಿದವರು ಯಾರೆಂಬುದಕ್ಕೆ ಅವನಲ್ಲೂ ಉತ್ತರವಿಲ್ಲ. ನನಗೂ ಎಲ್ಲ ತಿಳಿದಿದೆ ಎನ್ನಲಾರೆ. ನಂಬಿಕೆ ಗಟ್ಟಿಯಾದರೆ ಗೊಂದಲ ಹೋಗಿಬಿಡುತ್ತದೆ ಎನ್ನುವವರಿದ್ದಾರೆ, ನನ್ನ ಗೊಂದಲ ಹೋಗಿಲ್ಲ. ಆದರೆ ಈಗ ತಲೆ ಕೆಟ್ಟ ದಿನ ನಮ್ಮ ಮನೆಯ ಬಾಗಿಲು ತೆಗೆದು, ನಮ್ಮ ನೆಲದ ಮೇಲೆ ಕುಳಿತು, ತಾಯಿಯ ಹತ್ತಿರ ಒಂದೊಂದೇ ಕೇಳುತ್ತೇನೆ. ಅವಳು ಹೇಳುವವರೆಗೂ ಎಬ್ಬಿಸಿ ಕಳಿಸುವವರು ಯಾರೂ ಇಲ್ಲ.