ಸಾಹೇಬರು ಹೊಡೆದುಹಾಕಿದ ನಾಲ್ಕನೇ ಸಾಲು

ಕೇಶವಮೂರ್ತಿಯವರು ಒಬ್ಬ ಅಧಿಕಾರಿಯನ್ನು ಮುನ್ನೂರು ಜನರ ಮುಂದೆ ನೆಲಕ್ಕೆ ಕೆಡವಿದರು. ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಮಾಡಿದ್ದು ಇಷ್ಟೆ: ಅರ್ಧ ಪುಟದ ಒಂದು ಟಿಪ್ಪಣಿ ಬರೆದು, ಫೈಲಿನಲ್ಲಿಟ್ಟು, ಸಹಿಗೆ ಕಳಿಸಿದರು. ಗುಮಾಸ್ತನ ಕೈಯಲ್ಲಿ ಇರುವ ಆಯುಧ ಅದೊಂದೇ. ಅದನ್ನು ಅವರು ಮೂವತ್ತು ವರ್ಷ ಬೇರೆಯವರಿಗಾಗಿ ಮಸೆದಿದ್ದರು, ಒಮ್ಮೆ ಮಾತ್ರ ತಮಗಾಗಿ ಬಳಸಿದರು.

ಊರು ತಿಪಟೂರು. ಬಿ.ಎಸ್‌ಸಿ. ಅರ್ಧಕ್ಕೆ ನಿಂತಿತ್ತು. ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ದಿಲ್ಲಿಗೆ ಬಂದವರು ಲಕ್ಷ್ಮೀ ನಗರದ ಒಂದು ಮೂರನೇ ಮಹಡಿಯಲ್ಲಿ ಹೆಂಡತಿ ಸರಳಾ, ಮಗಳು ಸ್ಫೂರ್ತಿಯೊಂದಿಗೆ ನೆಲೆಯಾದರು. ಕೆಳಗಿನ ಎರಡು ಮಹಡಿಗಳಲ್ಲಿ ಕೋಚಿಂಗ್ ಸೆಂಟರು. ಮೆಟ್ಟಿಲಿನಲ್ಲಿ ಚಪ್ಪಲಿ ದಾಟಿಕೊಂಡೇ ಮನೆಗೆ ಹೋಗಬೇಕು. ಬೆಳಿಗ್ಗೆ ಬಸ್ಸಿನಲ್ಲಿ ಯಮುನೆಯ ಸೇತುವೆ ದಾಟಿ ಒಂದು ನಿರ್ದೇಶನಾಲಯಕ್ಕೆ ಹೋಗುತ್ತಿದ್ದರು. ಅದರ ಹೆಸರು ಬೇಡ. ಎಲ್ಲ ಕಚೇರಿಯೂ ಒಂದೇ ಥರ.

ದಿಲ್ಲಿಯ ಚಳಿಗಾಲದಲ್ಲಿ ಸರ್ಕಾರಿ ಕಚೇರಿಗಳ ಊಟದ ಹೊತ್ತು ನಡೆಯುವುದು ಹುಲ್ಲುಹಾಸಿನ ಮೇಲೆ. ಹೆಂಗಸರು ಬಿಸಿಲಿಗೆ ಬೆನ್ನು ಕೊಟ್ಟು ಸ್ವೆಟರ್ ಹೆಣೆಯುತ್ತಾರೆ. ಗಂಡಸರು ಕಡಲೆಕಾಯಿ ಸಿಪ್ಪೆಯ ನಡುವೆ ಗುಂಪು ಕೂತು ಇಸ್ಪೀಟು ಆಡುತ್ತಾರೆ. ಕೇಶವಮೂರ್ತಿಯವರು ಆಟದಲ್ಲಿ ದಡ್ಡರು. ಅದಕ್ಕೇ ಅವರಿಗೆ ಎಲೆ ಕಾಯುವ ಕೆಲಸ ಕೊಟ್ಟಿದ್ದರು. ಆಟ ಮುಗಿದ ಮೇಲೆ ಐವತ್ತೆರಡೂ ಇವೆಯೇ ನೋಡಿ, ರಬ್ಬರ್ ಬ್ಯಾಂಡ್ ಹಾಕಿ, ಡ್ರಾಯರಿನಲ್ಲಿಡುವುದು. ಅವರು ಬರಿದೇ ಎಣಿಸುತ್ತಿರಲಿಲ್ಲ. ಒಂದು ಕೆಂಪು, ಒಂದು ಕಪ್ಪು ಎಂದು ಜೋಡಿಸುತ್ತಿದ್ದರು. ಕೊನೆಗೆ ಒಂದೇ ಬಣ್ಣ ಉಳಿದರೆ ಎಲ್ಲೋ ಎಲೆ ಕಳೆದಿದೆ ಎಂದು ಲೆಕ್ಕ.

ಒಂದು ದಿನ ಹಾಗೆ ಜೋಡಿಸಿಟ್ಟ ಕಟ್ಟಿನಿಂದ ಒಂದಿಷ್ಟು ಎಲೆಗಳನ್ನು ಒಂದೊಂದಾಗಿ ಕೆಳಗೆ ಎಣಿಸಿಟ್ಟು, ಆ ಗುಂಪನ್ನೂ ಕೈಯಲ್ಲುಳಿದ ಗುಂಪನ್ನೂ ಎದುರುಬದುರು ಹಿಡಿದು, ಅಂಚುಗಳನ್ನು ಟರ್ರೆಂದು ಒಂದರೊಳಗೊಂದು ಬೀಳಿಸಿ ಬೆರೆಸಿದರು. ಮೇಲಿನಿಂದ ಎರಡೆರಡಾಗಿ ತೆಗೆದು ನೋಡಿದರೆ ಪ್ರತಿ ಜೋಡಿಯಲ್ಲೂ ಒಂದು ಕೆಂಪು, ಒಂದು ಕಪ್ಪು. ಇಪ್ಪತ್ತಾರು ಜೋಡಿ, ಒಂದೂ ತಪ್ಪಿಲ್ಲ. ಮತ್ತೆ ಮಾಡಿದರು, ಅದೇ. ಯಾರು ಬೆರೆಸಿದರೂ ಅದೇ. ಯಾಕೆಂದು ತಿಳಿಯಲು ಮೂರು ತಿಂಗಳು ಹಿಡಿಯಿತು. ಹೊರದೇಶದ ಗಣಿತಪ್ರಿಯರಿಗೆ ಈ ನಿಯಮ ಎಷ್ಟೋ ಹಿಂದೆಯೇ ಗೊತ್ತಿತ್ತಂತೆ. ಇರಲಿ. ಲಕ್ಷ್ಮೀ ನಗರದ ಮೂರನೇ ಮಹಡಿಗೆ ಅದನ್ನು ಯಾರೂ ತಂದುಕೊಟ್ಟಿರಲಿಲ್ಲ.

ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ ಅವರ ವಿಭಾಗದ ಅಧಿಕಾರಿ ಖುರಾನಾ ಸಾಹೇಬರು ಬಿಸಿಲಿಗೆಂದು ಕೆಳಗೆ ಬಂದು ಇದನ್ನು ನೋಡಿದರು. ಎರಡು ಸಲ ನೋಡಿದರು. ಆಮೇಲೆ ಹೆಗಲ ಮೇಲೆ ಕೈ ಹಾಕಿ, "ಅಚ್ಛಾ ಮೂರ್ತಿಜೀ, ನಾಳೆ ಮೂರಕ್ಕೆ ನನ್ನ ರೂಮಿಗೆ ಬನ್ನಿ. ಎಲೆ ತನ್ನಿ," ಎಂದರು.

ಒಂದು ತಿಂಗಳು ದಿನಾ ಮೂರರಿಂದ ನಾಲ್ಕು. ಬಾಗಿಲ ಹೊರಗೆ ಯಾರೂ ಬರಕೂಡದೆಂಬ ಕೆಂಪು ದೀಪ, ಒಳಗೆ ಇಸ್ಪೀಟು. ಕಚೇರಿಯ ವಾರ್ಷಿಕೋತ್ಸವದಲ್ಲಿ ಸಾಹೇಬರು ಸೂಟು ತೊಟ್ಟು ವೇದಿಕೆ ಹತ್ತಿದರು. ಬನಾರಸ್ಸಿನ ಗುರುವೊಬ್ಬರು ತಮಗೆ ಮನಶ್ಶಕ್ತಿಯನ್ನು ಧಾರೆ ಎರೆದಿದ್ದಾರೆ ಎಂದರು. ಪಕ್ಕದಲ್ಲಿ ಕೇಶವಮೂರ್ತಿಯವರು ಮೇಜಿನ ಮೇಲೆ ಎಲೆಗಳನ್ನು ಒಂದೊಂದಾಗಿ ಎಣಿಸಿಡುತ್ತಿದ್ದರು. ಮೊದಲ ಸಾಲಿನಲ್ಲಿದ್ದ ಜಂಟಿ ಕಾರ್ಯದರ್ಶಿಯವರು ತಮಗೆ ಮನಸ್ಸು ಬಂದಾಗ "ಸಾಕು" ಎನ್ನಬೇಕು. ಅಂದರು. ಅವರೇ ಎರಡು ಗುಂಪನ್ನೂ ಬೆರೆಸಿದರು. ಸಾಹೇಬರು ಕಣ್ಣು ಮುಚ್ಚಿ ಎರಡೆರಡಾಗಿ ತೆಗೆದರು. ಇಪ್ಪತ್ತಾರು ಜೋಡಿ. ಸಭಾಂಗಣ ಎದ್ದು ನಿಂತಿತು, ಸಾಹೇಬರಿಗೆ ಶಾಲು ಹೊದಿಸಿತು. ಎಣಿಸಿದವನೊಬ್ಬ, ಶಾಲು ಹೊದ್ದವನೊಬ್ಬ. ಇದರಲ್ಲಿ ಹೊಸದೇನೂ ಇಲ್ಲ, ನಮ್ಮ ಆಡಳಿತ ನಡೆಯುವುದೇ ಹೀಗೆ.

ಮರುದಿನ ಹುಲ್ಲುಹಾಸಿನಲ್ಲಿ ಪಕ್ಕದ ಮೇಜಿನ ತ್ಯಾಗಿ ಕೆಣಕಿದರು. "ಏನ್ ಮೂರ್ತಿಜೀ, ಸಾಹೇಬರಿಗೆ ಗುರು ಸಿಕ್ಕಿದ್ದು ಬನಾರಸ್ಸಲ್ಲೋ, ಲಕ್ಷ್ಮೀ ನಗರದಲ್ಲೋ?"

"ಗುರುವೂ ಇಲ್ಲ, ಶಕ್ತಿಯೂ ಇಲ್ಲ. ಗಣಿತ ಅಷ್ಟೆ," ಎಂದರು ಇವರು.

ಅಷ್ಟೇ ಅವರ ಅಪರಾಧ. ಮಾತು ಕ್ಯಾಂಟೀನಿಗೆ ಹೋಯಿತು, ಅಲ್ಲಿಂದ ಮೇಲಿನ ಮಹಡಿಗೂ ಹೋಯಿತು. ಏಪ್ರಿಲ್ ಕೊನೆಯಲ್ಲಿ ಕೇಶವಮೂರ್ತಿಯವರ ಮೇಜಿಗೆ ಮೊಹರು ಮಾಡಿದ ಲಕೋಟೆ ಬಂತು. ವರ್ಷದ ಗೋಪ್ಯ ವರದಿಯಲ್ಲಿ ಖುರಾನಾ ಬರೆದದ್ದರ ನಕಲು: "ಕಚೇರಿ ವೇಳೆಯಲ್ಲಿ ಇಸ್ಪೀಟಾಡುವ ಚಟವಿದೆ. ಬಡ್ತಿಗೆ ಅರ್ಹರಲ್ಲ."

ಮನೆಗೆ ತಂದು ಸರಳಾ ಅವರಿಗೆ ಓದಿ ಹೇಳಿದರು. ಸ್ಫೂರ್ತಿ ಕಸಿದುಕೊಂಡು ಇನ್ನೊಮ್ಮೆ ಓದಿದಳು. "ಅಪ್ಪಾ, ಯೇ ತೋ ಝೂಠ್ ಹೈ ನಾ? ಬರೀ ಸುಳ್ಳು! ಅವರೇ ಅಲ್ವಾ ಕರೆದಿದ್ದು?"

"ಕರೆದಿದ್ದು ಬಾಯಲ್ಲಿ ಕಣಮ್ಮ. ಬಾಯಿಗೆ ಸಾಕ್ಷಿ ಇಲ್ಲ."

ಮೇಲ್ಮನವಿ ಹಾಕಿದರು. ಪುರಾವೆ ಇಲ್ಲ ಎಂದು ವಾಪಸಾಯಿತು. ಜುಲೈನಲ್ಲಿ ಬಡ್ತಿಯ ಪಟ್ಟಿ ಬಂದಾಗ ಅವರಿಗಿಂತ ಏಳು ವರ್ಷ ಕಿರಿಯರ ಹೆಸರಿತ್ತು, ಅವರದಿರಲಿಲ್ಲ. ನಿವೃತ್ತಿಗೆ ನಾಲ್ಕು ವರ್ಷ. ಆ ಎರಡು ವಾಕ್ಯ ಅಳಿಯದಿದ್ದರೆ, ಮೂವತ್ತು ವರ್ಷ ಒಂದು ದಿನವೂ ತಡವಾಗಿ ಹೋಗದವರು ಜೂಜುಕೋರರೆಂಬ ಹೆಸರು ಹೊತ್ತು ಹೊರಬೀಳಬೇಕಿತ್ತು. ಅವರಿಗೆ ಬಡ್ತಿಗಿಂತ ಹೆಚ್ಚಾಗಿ ಚುಚ್ಚಿದ್ದು 'ಚಟ' ಎಂಬ ಮಾತು. ಸೇಡು ಕೆಟ್ಟದ್ದು ಎಂದು ಬೋಧಿಸುವವರು ದಯವಿಟ್ಟು ಇಲ್ಲಿಗೇ ಓದು ನಿಲ್ಲಿಸಬಹುದು. ಅಂಥ ಬೋಧನೆ ಮಾಡುವವರ ಗೋಪ್ಯ ವರದಿಗಳು ಚೆನ್ನಾಗಿರುತ್ತವೆ.

ಮತ್ತೆ ಚಳಿಗಾಲ ಬಂತು. ಖುರಾನಾ ಗಂಟೆ ಒತ್ತಿ ಕರೆಸಿದರು. ನಡುವೆ ಏನೂ ನಡೆದೇ ಇಲ್ಲವೆಂಬಂತೆ, "ಮೂರ್ತಿಜೀ, ಈ ಸಲ ಸಚಿವಾಲಯದವರೂ ಬರುತ್ತಾರೆ. ಅದೇ ಆಟ ಇಟ್ಟುಕೊಳ್ಳೋಣ. ಆದರೆ ವೇದಿಕೆಯಲ್ಲಿ ನಾನೊಬ್ಬನೇ. ನೀವು ಎಲೆ ಜೋಡಿಸಿಕೊಟ್ಟು ಕೆಳಗೆ ಕೂತ್ಕೊಳ್ಳಿ. ಯಾವುದಾದ ಮೇಲೆ ಯಾವುದು ಅಂತ ಬರೆದುಕೊಡಿ," ಎಂದರು.

"ಟಿಪ್ಪಣಿ ಮಂಡಿಸುತ್ತೇನೆ ಸರ್."

ಆ ಸಂಜೆ ಊಟದ ಮೇಜಿನ ಮುಂದೆ ಕೂತು ಬರೆದರು. ಮೊದಲ ಸಾಲು: ಕಳೆದ ವರ್ಷದಂತೆ, ಪ್ರತಿದಿನ ಮೂರರಿಂದ ನಾಲ್ಕು ಗಂಟೆಯವರೆಗೆ ತಮ್ಮ ಕೊಠಡಿಯಲ್ಲಿ ತಮ್ಮ ಆದೇಶದಂತೆ ಎಲೆಗಳ ಅಭ್ಯಾಸ. ಎರಡು: ಕೆಂಪು, ಕಪ್ಪು ಒಂದಾದ ಮೇಲೊಂದು ಜೋಡಣೆ. ಮೂರು: ಅತಿಥಿಗಳು ಎಷ್ಟು ಎಲೆ ಬೇಕೆಂದು ಹೇಳುವುದು. ನಾಲ್ಕು: ಅಷ್ಟು ಎಲೆಗಳನ್ನು ಮೇಲಿನಿಂದ ಒಂದೊಂದಾಗಿ ಮೇಜಿನ ಮೇಲೆ ಎಣಿಸಿ ಇಡತಕ್ಕದ್ದು. ಐದು: ಎರಡೂ ಗುಂಪನ್ನು ಒಮ್ಮೆ ಬೆರೆಸುವುದು. ಆರು: ಮೇಲಿನಿಂದ ಎರಡೆರಡಾಗಿ ತೆಗೆಯುವುದು. ಅನುಮೋದನೆಗಾಗಿ.

ಸರಳಾ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಯಾಕೆ ಒಂದೊಂದಾಗಿ ಎಣಿಸಬೇಕು ಅಂತ ಬರೆದಿಲ್ವಲ್ಲ ರೀ?"

"ಕೇಳಿದ್ರೆ ಹೇಳ್ತೀನಿ."

"ಕೇಳದೆ ಇದ್ರೆ?"

"ಮೂವತ್ತು ವರ್ಷದಲ್ಲಿ ಯಾವ ಸಾಹೇಬರೂ 'ಯಾಕೆ' ಅಂತ ಕೇಳಿದ್ದು ನಾನು ನೋಡಿಲ್ಲ. ಅವರು ಹೊಡೆದುಹಾಕ್ತಾರೆ."

ಅಧಿಕಾರಿಗಳ ಈ ಅಭ್ಯಾಸ ಗುಮಾಸ್ತರಿಗೆಲ್ಲ ಗೊತ್ತು. ಕರಡು ಎಷ್ಟೇ ಸರಿಯಿರಲಿ, ಹಸಿರು ಶಾಯಿಯಿಂದ ಏನನ್ನಾದರೂ ಹೊಡೆಯದೆ ಸಹಿ ಹಾಕಿದರೆ ತಾವು ಓದಿಲ್ಲ ಎಂದಾಗಿಬಿಡುತ್ತದೆ. ಟಿಪ್ಪಣಿ ಮರುದಿನವೇ ವಾಪಸು ಬಂತು. ನಾಲ್ಕನೇ ಸಾಲಿಗೆ ಅಡ್ಡಗೀಟು; ಪಕ್ಕದಲ್ಲಿ "ಅನಗತ್ಯ. ಸುಮ್ಮನೆ ಒಂದೇ ಸಲಕ್ಕೆ ಎತ್ತಿಡುವುದು" ಎಂಬ ಷರಾ, ಚಿಕ್ಕ ಸಹಿ. ಕೆಳಗೆ "ಅನುಮೋದಿಸಿದೆ", ದೊಡ್ಡ ಸಹಿ, ತಾರೀಖು.

ಕೇಶವಮೂರ್ತಿಯವರು ಒಂದು ಸಲ ಕೇಳಿದ್ದೂ ಹೌದು. "ಸರ್, ನಾಲ್ಕನೆಯದು ಇದ್ದರೆ ಒಳ್ಳೆಯದಿತ್ತು."

"ಒಂದೊಂದೇ ಎಣಿಸುತ್ತಾ ನಿಲ್ಲೋದು ಗುಮಾಸ್ತರ, ಬಾಬುಗಳ ಕೆಲಸ ಮೂರ್ತಿಜೀ. ವೇದಿಕೆ ಮೇಲೆ ಅಧಿಕಾರಿ ಅದನ್ನು ಮಾಡ್ತಾ ಇದ್ದರೆ ಏನು ಚೆಂದ?"

"ತಮಗೆ ಸರಿ ಕಂಡಂತೆ ಸರ್."

ಅಭ್ಯಾಸದಲ್ಲಿ ಹದಿಮೂರೋ ಹದಿನೇಳೋ ಎಲೆ ಎತ್ತಿದ ದಿನ ಆಟ ಸರಿಯಾಗುತ್ತಿತ್ತು. ತಪ್ಪಿದ ದಿನ, "ಸರಿಯಾಗಿ ಜೋಡಿಸಿಲ್ಲ ನೀವು," ಎಂದು ಬೈಸಿಕೊಂಡು ಇವರು ತಲೆಯಾಡಿಸುತ್ತಿದ್ದರು. ಉತ್ಸವದ ದಿನ ಎಲೆಗಳನ್ನು ಎರಡು ಬಾರಿ ಪರೀಕ್ಷಿಸಿ, ಒಂದೂ ತಪ್ಪಿಲ್ಲದಂತೆ ಜೋಡಿಸಿ ಕೊಟ್ಟರು. ಕೈ ಶುದ್ಧವಿರಬೇಕೆಂದು ಅವರ ಹಟ. ಆಮೇಲೆ ಹೋಗಿ ಐದನೇ ಸಾಲಿನಲ್ಲಿ ತ್ಯಾಗಿಯ ಪಕ್ಕ ಕೂತರು.

ಸಚಿವಾಲಯದ ಅತಿಥಿ "ಇಪ್ಪತ್ತು" ಎಂದರು. ಸಾಹೇಬರು ಎಲೆಗಳನ್ನು ಕೈಯಲ್ಲೇ ಸರಿಸಿ ಎಣಿಸಿಕೊಂಡು, ಇಪ್ಪತ್ತನ್ನೂ ಒಟ್ಟಿಗೆ ಗತ್ತಿನಿಂದ ಎತ್ತಿಟ್ಟರು. ಅತಿಥಿ ಬೆರೆಸಿದರು. ಸಾಹೇಬರು ಕಣ್ಣು ಮುಚ್ಚಿ ಗುರುವನ್ನು ನೆನೆದರು. ಮೊದಲ ಜೋಡಿ: ಕೆಂಪು, ಕೆಂಪು. ಯಾರೋ ಕೆಮ್ಮಿದರು. ಎರಡನೆಯದು: ಕಪ್ಪು, ಕಪ್ಪು. ಮೂರನೆಯದನ್ನು ತೆಗೆಯುವಾಗ ಅವರು ಕಣ್ಣು ಬಿಟ್ಟೇ ತೆಗೆದರು. ಅದೂ ಕೆಂಪು, ಕೆಂಪು.

"ಗುರುಗಳು ಇವತ್ತು ರಜೆಯಲ್ಲಿದ್ದಾರೆ," ಎಂದು ತ್ಯಾಗಿ ಮೆಲ್ಲಗೆ ಅಂದದ್ದು ಮೂರು ಸಾಲಿಗೆ ಕೇಳಿಸಿತು. ನಗು ಹಿಂದಿನಿಂದ ಮುಂದಕ್ಕೆ ಹರಿಯಿತು. ಕೊನೆಗೆ ಸಚಿವಾಲಯದ ಅತಿಥಿಯೇ ನಕ್ಕುಬಿಟ್ಟರು. ಖುರಾನಾ ಅವರ ಹೆಂಡತಿ ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಬಳೆ ತಿರುಗಿಸುತ್ತಿದ್ದರು. ಅದನ್ನು ನೋಡಿ ಪಾಪ ಅನ್ನಿಸಿತು ಎಂದು ಕೇಶವಮೂರ್ತಿಯವರು ನನಗೆ ಹೇಳಿದ್ದಾರೆ. ಪಾಪ ಅನ್ನಿಸಿದ ಮೇಲೂ ಖುಷಿ ಹೋಗಲಿಲ್ಲ ಎಂದೂ ಹೇಳಿದ್ದಾರೆ. ಎರಡನ್ನೂ ಹಾಗೆಯೇ ಬರೆದಿದ್ದೇನೆ.

ಅಲ್ಲಿಗೆ ಸಾಹೇಬರು ಸುಮ್ಮನಾಗಿದ್ದರೆ ನಗುವಿನಲ್ಲೇ ಮುಗಿಯುತ್ತಿತ್ತು. ಅವರು ಸುಮ್ಮನಾಗಲಿಲ್ಲ. ಎಲೆಗಳನ್ನು ಅಜಾಗರೂಕತೆಯಿಂದ ಜೋಡಿಸಿ ಕಚೇರಿಯ ಮಾನ ಕಳೆದದ್ದಕ್ಕೆ ಮೂರು ದಿನದೊಳಗೆ ವಿವರಣೆ ಕೊಡಿ ಎಂದು ಮೆಮೊ ಕೊಟ್ಟರು. ಅದರ ಒಂದು ಪ್ರತಿಯನ್ನು ಜಂಟಿ ಕಾರ್ಯದರ್ಶಿಗೂ ಕಳಿಸಿದರು. ಮೇಲಿನವರ ಮುಂದೆ ತಪ್ಪು ತಮ್ಮದಲ್ಲ ಎಂದು ತೋರಿಸಬೇಕಿತ್ತಲ್ಲ.

ಕೇಶವಮೂರ್ತಿಯವರು ಕಾದಿದ್ದು ಇದಕ್ಕೇ. ಅವರ ವಿವರಣೆ ಏಳು ಸಾಲು, ಅದರ ಪ್ರತಿಯೂ ಜಂಟಿ ಕಾರ್ಯದರ್ಶಿಗೆ ಹೋಯಿತು. ಅನುಮೋದಿತ ಟಿಪ್ಪಣಿಯಂತೆಯೇ ಎಲೆಗಳನ್ನು ಜೋಡಿಸಲಾಗಿದೆ. ನಾಲ್ಕನೇ ಕ್ರಮವನ್ನು ಸಕ್ಷಮ ಅಧಿಕಾರಿಗಳು ತಮ್ಮ ಹಸ್ತಾಕ್ಷರದಲ್ಲಿ ತೆಗೆದುಹಾಕಿದ್ದಾರೆ. ಅದನ್ನು ಉಳಿಸಿಕೊಂಡರೆ ಆಟ ತಪ್ಪುವುದಿಲ್ಲ. ಅಪ್ಪಣೆಯಾದರೆ ತಮ್ಮೆದುರು ಮಾಡಿ ತೋರಿಸುತ್ತೇನೆ. ಮೊದಲನೇ ಕ್ರಮದ ಕಡೆಗೂ ಗಮನ ಸೆಳೆಯಬಯಸುತ್ತೇನೆ: 'ಕಳೆದ ವರ್ಷದಂತೆ', 'ತಮ್ಮ ಆದೇಶದಂತೆ'. ಇದನ್ನು ನನ್ನ ಗೋಪ್ಯ ವರದಿಯ ಷರಾದೊಂದಿಗೆ ಓದಿಕೊಳ್ಳಬೇಕಾಗಿ ವಿನಂತಿ. ಟಿಪ್ಪಣಿಯ ನಕಲು ಲಗತ್ತಿಸಿದೆ.

ಜಂಟಿ ಕಾರ್ಯದರ್ಶಿ ಕರೆಸಿದರು. ಮೇಜಿನ ಮೇಲೆ ಹೊಸ ಕಟ್ಟು ಇತ್ತು. ಖುರಾನಾ ಒಂದು ಬದಿಗೆ ನಿಂತಿದ್ದರು. ಅವರಿಗೆ ಕೂರಲು ಹೇಳಿರಲಿಲ್ಲ. ಕೇಶವಮೂರ್ತಿಯವರು ಜೋಡಿಸಿ, ಒಂದೊಂದಾಗಿ ಇಪ್ಪತ್ತು ಎಣಿಸಿಟ್ಟರು. ಬೆರೆಸಿದ್ದು ಜಂಟಿ ಕಾರ್ಯದರ್ಶಿ. ಇಪ್ಪತ್ತಾರು ಜೋಡಿಯೂ ಸರಿಯಿತ್ತು.

"ಮಿಸ್ಟರ್ ಖುರಾನಾ," ಎಂದು ಅವರು ಫೈಲು ತಿರುಗಿಸಿದರು, "ಇದು ನಿಮ್ಮ ಸಹಿಯೇ ತಾನೆ?"

ಆ ಎರಡು ವಾಕ್ಯಗಳು ವರದಿಯಿಂದ ಅಳಿದವು. ಬಡ್ತಿ ಬರಲು ಇನ್ನೂ ಹದಿನಾಲ್ಕು ತಿಂಗಳು ಬೇಕಾಯಿತು. ನ್ಯಾಯಕ್ಕೆ ಲಿಫ್ಟ್ ಇಲ್ಲ, ಮೆಟ್ಟಿಲು ಹತ್ತಿಯೇ ಬರಬೇಕು. ಖುರಾನಾ ಅವರಿಗೆ ಏನೂ ಆಗಲಿಲ್ಲ. ಅವರ ಮಟ್ಟದವರಿಗೆ ಆಗುವುದಿಲ್ಲ. ಆದರೆ ಕ್ಯಾಂಟೀನಿನಲ್ಲಿ ಅವರು ಬಂದಾಗಲೆಲ್ಲ ಯಾರಾದರೊಬ್ಬರು "ಗುರೂಜಿ ಹೇಗಿದ್ದಾರೆ?" ಎನ್ನುತ್ತಿದ್ದರು.

ಎರಡು ಸಾವಿರದ ಒಂಬತ್ತರಲ್ಲಿ, ಇಬ್ಬರೂ ನಿವೃತ್ತರಾದ ಮೇಲೆ, ಪೀತಮ್‌ಪುರದ ಮಾರುಕಟ್ಟೆಯಲ್ಲಿ ಎದುರಾದರು. ಖುರಾನಾ ತರಕಾರಿ ಚೀಲ ಕೆಳಗಿಟ್ಟು, ಬಹಳ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ಕೇಳಿದರು. "ಮೂರ್ತಿಜೀ, ಒಂದು ವಿಷಯ. ನಾನು ಮನೆಯಲ್ಲಿ ಎಷ್ಟೋ ಸಲ ಮಾಡಿ ನೋಡಿದೆ. ಎಣಿಸಿಟ್ಟರೆ ಸರಿಯಾಗುತ್ತೆ, ಎತ್ತಿಟ್ಟರೆ ಒಮ್ಮೆ ಆಗುತ್ತೆ, ಒಮ್ಮೆ ಇಲ್ಲ. ಯಾಕೆ?"

ನಾಲ್ಕು ವರ್ಷ ತಡವಾಗಿ ಬಂದ 'ಯಾಕೆ'.

"ಅದು ಬಾಬುಗಳ ಕೆಲಸ ಸರ್," ಎಂದರು ಕೇಶವಮೂರ್ತಿಯವರು. ನಮಸ್ಕಾರ ಮಾಡಿ ಮೆಟ್ರೋ ಹತ್ತಿದರು.

ಅವರು ಹೇಳಲಿಲ್ಲ, ನಾನು ಹೇಳುತ್ತೇನೆ. ಒಂದೊಂದಾಗಿ ಎಣಿಸಿಟ್ಟಾಗ ಕೊನೆಗೆ ಇಟ್ಟ ಎಲೆ ಆ ಗುಂಪಿನ ಮೇಲೆ ಬರುತ್ತದೆ. ಕೈಯಲ್ಲುಳಿದ ಗುಂಪಿನ ಮೇಲಿರುವುದು ಅದರ ಮುಂದಿನ ಎಲೆ. ಒಂದು ಕೆಂಪಾದರೆ ಇನ್ನೊಂದು ಕಪ್ಪು. ಬೆರೆತ ಮೇಲೆ ಮೇಲಿನದು ಕೆಂಪೆನ್ನಿ: ಅದು ಬಂದ ಗುಂಪಿನಲ್ಲಿ ಅದರಡಿ ಕಪ್ಪು, ಪಕ್ಕದ ಗುಂಪಿನ ತಲೆಯಲ್ಲೂ ಕಪ್ಪು. ಎರಡನೆಯದು ಎಲ್ಲಿಂದ ಬಂದರೂ ಕಪ್ಪೇ. ಕೊನೆಯ ಜೋಡಿಯವರೆಗೂ ಇದೇ ಕಥೆ. ಒಂದೊಂದಾಗಿ ಇಡದೆ ಒಟ್ಟಿಗೆ ಎತ್ತಿಟ್ಟರೆ ಮೊದಲ ಎಲೆಯೇ ಮೇಲೆ ಉಳಿಯುತ್ತದೆ; ಎತ್ತಿದ್ದು ಸಮಸಂಖ್ಯೆಯಾದಾಗ ಎರಡೂ ತಲೆ ಒಂದೇ ಬಣ್ಣವಾಗಿ ಎಲ್ಲ ಕೆಡುತ್ತದೆ.

ಇಷ್ಟನ್ನು ಇಲ್ಲಿ ಧೈರ್ಯವಾಗಿ ಅಚ್ಚು ಹಾಕಿಸುತ್ತಿದ್ದೇನೆ. ಖುರಾನಾ ಸಾಹೇಬರಿಗೆ ಕನ್ನಡ ಬರುವುದಿಲ್ಲ. ಓದಿದವರು ಯಾರೂ ಅವರಿಗೆ ಹೇಳಬೇಡಿ.