ಇಟ್ಟಿಗೆಗೆ ಹನಿ ನೀರಾವರಿ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಇಂಡಿ ತಾಲ್ಲೂಕಿನಲ್ಲಿ ಸಹಾಯಕ ಎಂಜಿನಿಯರ್. ಹೊರ್ತಿ ಕಡೆಯ ಒಂದು ಹಳ್ಳಿಯ ಶಾಲೆಗೆ ಎರಡು ಕೊಠಡಿ ಕಟ್ಟಬೇಕಿತ್ತು. ಭಟ್ಟಿಯಲ್ಲಿ ಸುಟ್ಟ ಇಟ್ಟಿಗೆ ಬೇಡ, ಅಲ್ಲಿಯದೇ ಕೆಂಪು ಮಸಾರಿ ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ಬ್ಲಾಕ್ ಮಾಡೋಣ ಎಂದು ಮೇಲಧಿಕಾರಿಗಳ ಬೆನ್ನುಬಿದ್ದು ಒಪ್ಪಿಸಿದ್ದೆ. ಕಟ್ಟಿಗೆ ಉಳಿಯುತ್ತದೆ, ಹೊಗೆಯೂ ಇಲ್ಲ. ಅವರ ಷರತ್ತು ಒಂದೇ: ಪರೀಕ್ಷೆಯಲ್ಲಿ ಬ್ಲಾಕ್ ಸೋತರೆ ಸುಟ್ಟ ಇಟ್ಟಿಗೆಯೇ ಗತಿ.

ಬ್ಲಾಕುಗಳನ್ನು ಒತ್ತಿಸಿ ಸಾಲಾಗಿ ಪೇರಿಸಿದೆವು. ಇನ್ನು ಕ್ಯೂರಿಂಗ್, ಅಂದರೆ ಸಿಮೆಂಟ್ ಗಟ್ಟಿಯಾಗಲು ಮೂರು ವಾರ ತೇವ ಆರದಂತೆ ನೋಡಿಕೊಳ್ಳುವುದು. ಗಾರೆ ಕೆಲಸದ ಗೌಂಡಿ ಪೈಪು ಹಿಡಿದು ಧಾರಾಳವಾಗಿ ನೀರು ಬಿಟ್ಟ. ಏಪ್ರಿಲ್ ಬಿಸಿಲು, ಅರ್ಧ ಆವಿಯಾಯಿತು, ಅರ್ಧ ಹರಿದುಹೋಯಿತು. ಮೂರನೆಯ ದಿನ ಶಾಲಾ ಸಮಿತಿಯ ಅಧ್ಯಕ್ಷೆ ನೀಲವ್ವ ಬಂದು ಊರ ಬೋರ್‌ವೆಲ್ಲಿನ ವಾಲ್ವ್ ಬಂದ್ ಮಾಡಿದರು.

"ಸಾಹೇಬ್ರ, ಊರಾಗ ಕುಡಿಯಾಕ ನೀರಿಲ್ಲ. ನಿಮ್ಮ ಇಟ್ಟಂಗಿಗೆ ದಿನಾ ಜಳಕಾ ಏನ್ರಿ?"

ನನಗೆ ಪಿತ್ತ ನೆತ್ತಿಗೇರಿತು. ಪರಿಸರ, ಕಾಡು, ಹೊಗೆ ಎಂದು ದೊಡ್ಡ ಭಾಷಣ ಬಿಗಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಎಲ್ಲಾ ಖರೆ ಐತ್ರಿ. ಆದ್ರ ಲಿಂಬಿ ಗಿಡಕ್ಕ ನಾವು ಹಿಂಗ ನೀರು ಬಿಟ್ಟಿದ್ರ, ಬೋರು ಬತ್ತಿ ತ್ವಾಟ ಎಂದೋ ಒಣಗತಿತ್ತು," ಎಂದು ಹೊರಟೇಹೋದರು.

ಬ್ಲಾಕು ಒಣಗಿದರೆ ನನ್ನ ಹಟ ಅಲ್ಲಿಗೇ ಮುಗಿಯಿತು. ಸಂಜೆಯೊಳಗೆ ಒಂದು ಟ್ರ್ಯಾಕ್ಟರ್ ಬಂತು. ಅದರಲ್ಲಿ ತೋಟದ ಹಳೆಯ ಡ್ರಿಪ್ ಪೈಪು, ಗೋಣಿಚೀಲ, ಎರಡು ಬ್ಯಾರಲ್, ಜೊತೆಗೆ ನೀಲವ್ವ! ಬ್ಲಾಕಿನ ಮೇಲೆ ಚೀಲ ಹೊದಿಸಿ, ಪೈಪು ಹಾಯಿಸಿ, ಬ್ಯಾರಲ್ ಎತ್ತರಕ್ಕೆ ಇಡಿಸಿದರು. ನೀರು ಹನಿಹನಿಯಾಗಿ ಇಳಿಯತೊಡಗಿತು. ದಿನಕ್ಕೆ ಎರಡೇ ಬ್ಯಾರಲ್ ಸಾಕಾಯಿತು. ಬೋರಿನ ನೀರು ಮತ್ತೆ ಊರಿನ ಕೊಡಗಳಿಗೆ ಹೋಯಿತು. ಮೂವತ್ತು ವರ್ಷ ಕ್ಯೂರಿಂಗ್ ಮಾಡಿಸಿದವನಿಗೆ ಇಷ್ಟು ಹೊಳೆದಿರಲಿಲ್ಲವಲ್ಲ! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಮೂರು ವಾರ ಕಳೆದು ಬ್ಲಾಕುಗಳನ್ನು ಲ್ಯಾಬಿಗೆ ಕಳಿಸುವ ದಿನ ನೀಲವ್ವ ಒಂದನ್ನು ಎತ್ತಿಕೊಂಡರು. "ಮೊದಲ ನಾ ನೋಡ್ತೇನಿ. ನಮ್ಮ ಹುಡುಗ್ರು ಕುಂದ್ರೂ ಸಾಲಿರಿ ಇದು," ಎಂದವರೇ ಎದೆಯೆತ್ತರದಿಂದ ಕೈಬಿಟ್ಟರು. ಬ್ಲಾಕ್ ಬಿದ್ದು ಒಮ್ಮೆ ಉರುಳಿತು. ಒಂದು ಮೂಲೆ ಚೂರು ಉದುರಿತ್ತು, ಅಷ್ಟೇ.

"ಪಾಸ್ ಆತ್ ನೋಡ್ರಿ!" ಎಂದು ನಕ್ಕರು. ವಾರದ ನಂತರ ಲ್ಯಾಬೂ ಅದನ್ನೇ ಬರೆಯಿತು.

ಈಗಲೂ ಸಲಹೆಗೆಂದು ಅಲ್ಲಿ ಇಲ್ಲಿ ಕರೆಯುತ್ತಾರೆ. ಹೊಸ ಊರಿಗೆ ಹೋದಾಗ ನಕ್ಷೆ ಬಿಚ್ಚುವ ಮೊದಲು ಅಲ್ಲಿಯವರನ್ನು ಒಂದು ಮಾತು ಕೇಳುತ್ತೇನೆ: "ನಿಮ್ಮ ಗಿಡಕ್ಕ ನೀರು ಹೆಂಗ ಕೊಡ್ತೀರಿ?"